ಉಪಾಧ್ಯಾಯರೂ ಸಾವಧಾನವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪ್ರಾಥಮಿಕ ಶಾಲೆಯ ಉಪಾಧ್ಯಾಯರೂ ಭಕ್ತಮಹನೀಯರೂ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಈ ದಿನ ಎರಡು ಮಾತುಗಳನ್ನಾಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾದಾಗ ನಾನು ಬಹಳ ಹಿಂಜರಿದೆನು. ನಾನು ಪಂಡಿತನಲ್ಲ, ಯೋಗಸಾಧಕನೂ ಅಲ್ಲ. 34 ವರ್ಷಕಾಲ ಹಳ್ಳಿಯ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು ನಿವೃತ್ತನಾದವನು. ಆದರೆ ಹೊತ್ತ ಹೆಗಲಿಗಲ್ಲವೆ ಹೊರೆಯ ತೂಕವು ತಿಳಿಯುವುದು? ಆ ಧೈರ್ಯದಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

ಮಕ್ಕಳ ವಿದ್ಯೆಯ ವಿಷಯವಾಗಿ ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಪಾಠಪುಸ್ತಕ, ಕಟ್ಟಡ, ಸಮವಸ್ತ್ರ, ಬಿಸಿಯೂಟ, ಪರೀಕ್ಷೆಯ ಫಲಿತಾಂಶ, ಇವೆಲ್ಲವನ್ನೂ ಕುರಿತು ಚರ್ಚಿಸುತ್ತೇವೆ. ಆ ಮಕ್ಕಳ ಮುಂದೆ ದಿನವೂ ನಿಲ್ಲತಕ್ಕ ಮನುಷ್ಯನ ಮನಸ್ಸು ಹೇಗಿದೆ ಎಂದು ಕೇಳುವವರು ಮಾತ್ರ ವಿರಳ. ದೀಪದಿಂದ ದೀಪ ಹತ್ತುವುದೆಂಬುದನ್ನು ಎಲ್ಲರೂ ಬಲ್ಲರು. ಮೊದಲನೆಯ ದೀಪದಲ್ಲಿ ಎಣ್ಣೆಯುಂಟೆ ಎಂದು ನೋಡುವುದನ್ನು ಮರೆತಿದ್ದೇವೆ. ಆದುದರಿಂದ ಉಪಾಧ್ಯಾಯರ ಮನಃಸ್ವಾಸ್ಥ್ಯವನ್ನೂ, ಅದಕ್ಕೆ ನೆರವಾಗಬಲ್ಲ ಸಾವಧಾನವೆಂಬ ಅಭ್ಯಾಸವನ್ನೂ ಇಂದಿನ ವಿಷಯವನ್ನಾಗಿ ಎತ್ತಿಕೊಂಡಿದ್ದೇನೆ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ಈ ನಾಲ್ಕು ಸೀಮೆಗಳ ಸ್ವಭಾವವು ಒಂದೇ ಅಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆಯೆಂದು ಜನಜನಿತವಾದ ಶಾಂತಿಸಾಗರವಿದೆ, ಭದ್ರಾ ನಾಲೆಯಿದೆ, ಅಡಕೆಯ ತೋಟಗಳಿವೆ. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿಯು ಮಲೆನಾಡಿನ ಸೆರಗನ್ನು ಹಿಡಿದಿದೆ. ಜಗಳೂರಾದರೋ ಮಳೆಯನ್ನೇ ನಂಬಿದ ಬಯಲು. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗುಳೆ ಹೊರಡುವ ನಾಡು. ಅಡಕೆಯ ಕೊಯ್ಲಿನ ಕಾಲದಲ್ಲಿ ಒಂದು ಕಡೆ ಹಾಜರಿ ಕಡಮೆಯಾದರೆ, ಬರಗಾಲದಲ್ಲಿ ಮತ್ತೊಂದು ಕಡೆ ಕಡಮೆಯಾಗುತ್ತದೆ. ಸಿರಿಯೇ ಆಗಲಿ ಬಡತನವೇ ಆಗಲಿ, ಊರಿನ ಸುಖದುಃಖಗಳೆಲ್ಲವೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಖದ ಮೇಲೆ ಕುಳಿತು ಶಾಲೆಗೆ ಬರುತ್ತವೆ. ಅವುಗಳನ್ನು ಮೊದಲು ಎದುರುಗೊಳ್ಳುವವರು ಉಪಾಧ್ಯಾಯರು.

ಅವರ ದಿನಚರಿಯನ್ನು ತುಸು ನೋಡಿರಿ. ನಸುಕಿನಲ್ಲೆದ್ದು ಮನೆಗೆಲಸ ಮುಗಿಸಿ, ಬಸ್ಸು ಹಿಡಿದು, ಇಳಿದು ನಡೆದು ಶಾಲೆ ಸೇರುವ ಉಪಾಧ್ಯಾಯಿನಿಯರು ಎಷ್ಟೋ ಮಂದಿ. ಚಿಕ್ಕ ಶಾಲೆಗಳಲ್ಲಿ ಒಬ್ಬರೇ ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಇಂತಹ ಬೆರಕೆ ತರಗತಿಗೆ ಒಂದು ದಾರಿಯನ್ನು ತೋರಿಸಿತು, ನಿಜ. ಆದರೆ ಆ ಪದ್ಧತಿಯೂ ಪ್ರತಿ ಮಗುವಿನ ಮೇಲೆ ಬೇರೆ ಬೇರೆಯಾಗಿ ಗಮನವಿರಬೇಕೆಂದು ಕೇಳುವುದಷ್ಟೆ! ಇದರ ನಡುವೆ ಅಕ್ಷರ ದಾಸೋಹದ ಲೆಕ್ಕ, 2013ರಲ್ಲಿ ಬಂದ ಕ್ಷೀರಭಾಗ್ಯದ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಅಂಕಿಅಂಶ, ಮೊಬೈಲಿಗೆ ಬರುವ ತುರ್ತು ಸೂಚನೆಗಳು. 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆಯ ಬಾಗಿಲು ತಟ್ಟಿದವರಲ್ಲಿ ಉಪಾಧ್ಯಾಯರೇ ಹೆಚ್ಚಿನವರೆಂಬುದನ್ನು ನೀವು ಕಂಡಿದ್ದೀರಿ.

2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 27ನೆಯ ಪ್ರಕರಣದಂತೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಇವುಗಳ ಹೊರತು ಶಿಕ್ಷಣೇತರ ಕಾರ್ಯಗಳಿಗೆ ಉಪಾಧ್ಯಾಯರನ್ನು ನಿಯೋಜಿಸಕೂಡದು. ಅದೇ ಕಾಯಿದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಇರತಕ್ಕದ್ದು. 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಕೂಡದೆಂದು ನಿಷೇಧಿಸಿದೆ. ಈ ಮೂರನ್ನೂ ನಾನು ಬೇಕೆಂದೇ ಒಟ್ಟಿಗೆ ಹೇಳಿದೆನು. ದಣಿದ ಮನಸ್ಸಿಗೂ ಎತ್ತಿದ ಕೈಗೂ ಇರುವ ನಂಟನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳದೆ ಮುಂದಿನ ಮಾತನ್ನಾಡುವ ಅಧಿಕಾರವು ನನಗಿಲ್ಲ.

ಸುಮಾರು 30 ವರ್ಷಗಳ ಹಿಂದೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದೆನು. ಅದು ಬರದ ವರ್ಷ. ಮನೆಯಲ್ಲಿ ತಂದೆಯವರಿಗೆ ಕಾಯಿಲೆ; ಜೊತೆಯ ಉಪಾಧ್ಯಾಯರು ರಜೆಯ ಮೇಲೆ; ಮಾರನೆಯ ದಿನ ತನಿಖೆಯೆಂದು ಸುದ್ದಿ. ಮೂರನೆಯ ತರಗತಿಯ ಹುಡುಗನೊಬ್ಬನು ಆ ವಾರದಲ್ಲಿ ನಾಲ್ಕನೆಯ ಬಾರಿ ತಡವಾಗಿ ಬಂದು, ಸ್ಲೇಟನ್ನೂ ತಾರದೆ, ಕುಳಿತಲ್ಲಿಯೇ ತೂಕಡಿಸಿದನು. ನನ್ನ ಕೈಯಲ್ಲಿದ್ದ ಅಳತೆಪಟ್ಟಿಯಿಂದ ಅವನ ಬೆನ್ನಿಗೆ ಎರಡು ಸಲ ಹೊಡೆದೆನು. ಹುಡುಗನು ಅಳಲಿಲ್ಲ. ಹೊಡೆಯುವ ಭರದಲ್ಲಿ ನನ್ನ ಎಡಗೈಯಿಂದ ಜಾರಿಬಿದ್ದ ಸೀಮೆಸುಣ್ಣವನ್ನು ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟು ಕುಳಿತುಕೊಂಡನು.

ಮರುದಿನದಿಂದ ಅವನು ಬರಲಿಲ್ಲ. ಮೂರನೆಯ ದಿನದ ಸಂಜೆ ಅವನ ಮನೆಗೆ ಹೋದೆನು. ತಂದೆತಾಯಿಗಳು ಗುಳೆ ಹೋಗಿದ್ದರು, ಅಜ್ಜಿಯೊಬ್ಬಳೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈಮುಗಿದು, "ತಪ್ಪಾತು ಮೇಷ್ಟ್ರೇ, ಇನ್ನು ಹೊತ್ತಿಗೆ ಸರಿಯಾಗಿ ಕಳಿಸ್ತೀನಿ. ಕೊಳವೆಬಾವಿ ನೀರಿಗೆ ಹೋಗೋನು ಅವನೊಬ್ನೇ" ಎಂದಳು. ಬೆಳಗಿನ ಜಾವ ನಾಲ್ಕು ಗಂಟೆಗೆದ್ದು ಆ ಮಗುವು ಸರದಿಯಲ್ಲಿ ನಿಂತು ನೀರು ಹೊರುತ್ತಿತ್ತು. ಇದನ್ನು ತಿಳಿಯುವುದಕ್ಕೆ ನನಗೆ ಬೇಕಾಗಿದ್ದುದು ಒಂದು ಪ್ರಶ್ನೆ, ಒಂದು ಗಳಿಗೆ. ಆ ಗಳಿಗೆಯು ನನ್ನ ಬಳಿ ಇರಲಿಲ್ಲವೆಂದಲ್ಲ. ಇದ್ದುದನ್ನು ನಾನು ಕಾಣಲಿಲ್ಲ. ಹುಡುಗನು ನನ್ನ ಎದುರಿಗಿದ್ದನು. ನಾನು ಮಾತ್ರ ಅಲ್ಲಿರಲಿಲ್ಲ. ಕಾಯಿಲೆಯ ತಂದೆಯ ಬಳಿಯೂ ನಾಳಿನ ತನಿಖೆಯ ಬಳಿಯೂ ಇದ್ದೆನು. ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವಳು ಆ ಮುದುಕಿ. ಆ ಕೈಮುಗಿತವನ್ನು ಈ ಹೊತ್ತಿಗೂ ನಾನು ಹೊತ್ತಿದ್ದೇನೆ.

ಮುಂದೆ ನನಗೆ ಹೊನ್ನಾಳಿಯ ಕಡೆಗೆ ವರ್ಗವಾಯಿತು. ಅಲ್ಲಿಯ ಮುಖ್ಯೋಪಾಧ್ಯಾಯರು ವಯಸ್ಸಾದವರು, ಮಿತಭಾಷಿಗಳು. ಅವರು ದಿನವೂ ತರಗತಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿಗೆ ಕೈಯಿಟ್ಟು, ಎರಡು ಮೂರು ಉಸಿರಿನ ಕಾಲ ಸುಮ್ಮನೆ ನಿಂತು, ಅನಂತರ ಒಳಗೆ ಕಾಲಿಡುವರು. ಇದೇನು ಪದ್ಧತಿಯೆಂದು ಒಂದು ದಿನ ಕೇಳಿದೆನು. "ಚಪ್ಪಲಿ ಬಿಡೋವಾಗ ಮನೇನೂ ಅಲ್ಲೇ ಬಿಟ್ಟು ಬನ್ನಿ ಮೇಷ್ಟ್ರೇ. ಸಂಜೆ ಹೋಗೋವಾಗ ಎರಡೂ ಅಲ್ಲೇ ಇರ್ತವೆ, ಯಾರೂ ಒಯ್ಯೋದಿಲ್ಲ" ಎಂದು ನಕ್ಕರು. ಆಮೇಲೆ ನಾನೂ ಹಾಗೆಯೇ ಮಾಡತೊಡಗಿದೆನು. ಅದಕ್ಕೊಂದು ಶಾಸ್ತ್ರವಿದೆಯೆಂದಾಗಲಿ, ಹೊರದೇಶಗಳಲ್ಲಿ ಅದನ್ನು ಪರೀಕ್ಷೆಗೊಡ್ಡುವರೆಂದಾಗಲಿ ಆಗ ನನಗೆ ತಿಳಿಯದು.

ಸಾವಧಾನವೆಂಬ ಮಾತನ್ನು ನಾವು ದಿನವೂ ಆಡುತ್ತೇವೆ. ‘ಸಾವಧಾನವಾಗಿ ಕೆಲಸ ಮಾಡು’ ಎಂದರೆ ಆತುರಪಡಬೇಡವೆಂದು ಅರ್ಥಮಾಡುತ್ತೇವೆ. ಮದುವೆಯ ಮುಹೂರ್ತದಲ್ಲಿ ಪುರೋಹಿತರು ಅದೇ ಮಾತನ್ನು ಕೂಗಿ ಹೇಳುವರು. ಅಲ್ಲಿ ಎಚ್ಚರವಾಗಿರಿ ಎಂದು ಅರ್ಥ. ಅವಧಾನವೆಂದರೆ ಗಮನ, ಗಮನದೊಡನೆ ಇರುವುದೇ ಸಾವಧಾನ. ಎಚ್ಚರವೂ ಶಾಂತಿಯೂ ಒಂದೇ ಮಾತಿನಲ್ಲಿ ಕೂಡಿರುವುದು ನಮ್ಮ ನುಡಿಯ ಭಾಗ್ಯವೆಂದೇ ಹೇಳಬೇಕು. ನಮ್ಮ ಶರಣರು ಅರಿವು ಮರೆವುಗಳೆಂಬ ಎರಡು ಮಾತುಗಳಿಂದ ಇದೇ ತತ್ತ್ವವನ್ನು ಆಳವಾಗಿ ವಿಚಾರಿಸಿದರು. ಬಳ್ಳಿಗಾವಿಯ ಅಲ್ಲಮಪ್ರಭುಗಳೂ ಉಡುತಡಿಯ ಅಕ್ಕಮಹಾದೇವಿಯೂ ನಮ್ಮ ನ್ಯಾಮತಿಯ ನೆರೆಯ ಸೀಮೆಯವರೇ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿ ಕುಳಿತವರೆಲ್ಲರೂ ಒಂದನ್ನು ಬಲ್ಲಿರಿ: ದೃಷ್ಟಿ ನಿಂತರೂ ಮನಸ್ಸು ನಿಲ್ಲುವುದಿಲ್ಲ. ಅದು ಹೊಲಕ್ಕೂ ಸಾಲದ ಪತ್ರಕ್ಕೂ ಓಡುತ್ತದೆ. ಓಡಿತೆಂದು ತಿಳಿದು, ಬೈಯದೆ ಬೇಸರಿಸದೆ ಮತ್ತೆ ಕರೆತರುವುದೇ ಸಾಧನೆ.

ಇದೇ ಅಭ್ಯಾಸವನ್ನು ಈಗಿನವರು ಮೈಂಡ್‌ಫುಲ್‌ನೆಸ್ ಎಂದು ಕರೆಯುವರು. ಅಮೆರಿಕದ ಜಾನ್ ಕಬಾಟ್-ಜಿನ್ ಎಂಬವರು ಬೌದ್ಧ ಧ್ಯಾನದಿಂದಲೂ ಹಠಯೋಗದಿಂದಲೂ ಸಾಮಗ್ರಿಯನ್ನು ಪಡೆದು, ಮತಸಂಬಂಧವಿಲ್ಲದ ರೀತಿಯಲ್ಲಿ ಎಂಟು ವಾರಗಳ ಶಿಕ್ಷಣಕ್ರಮವೊಂದನ್ನು ರೂಪಿಸಿ, 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಕಲಿಸಲಾರಂಭಿಸಿದರು. ಅಲ್ಲಿಂದ ಅದು ಶಾಲೆಗಳಿಗೂ ಹಬ್ಬಿತು. ನ್ಯೂಯಾರ್ಕ್ ನಗರದ 36 ಪ್ರಾಥಮಿಕ ಶಾಲೆಗಳ 224 ಮಂದಿ ಉಪಾಧ್ಯಾಯರಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರಲ್ಲಿ ಮನಃಕ್ಲೇಶವೂ, ಹೊತ್ತು ಸಾಲದೆಂಬ ತಳಮಳವೂ ಕಡಮೆಯಾದುವು; ಅವರ ತರಗತಿಯನ್ನು ಬಂದು ನೋಡಿದ ಪರೀಕ್ಷಕರು, ಮಕ್ಕಳೊಡನೆ ಅವರ ನಡೆಯು ಹೆಚ್ಚು ಆದರವುಳ್ಳದ್ದೆಂದು ಕಂಡರು.

ಆದರೆ ಒಂದು ಕಡೆಯ ಮಾತನ್ನೇ ಹೇಳುವುದು ಉಪಾಧ್ಯಾಯನಿಗೆ ತರವಲ್ಲ. ಇಂಗ್ಲೆಂಡ್ ಮೊದಲಾದ ಕಡೆಯ 85 ಶಾಲೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ, ಎಲ್ಲ ವಿದ್ಯಾರ್ಥಿಗಳಿಗೂ ಇದನ್ನು ಪಾಠದಂತೆ ಕಲಿಸಿದ್ದರಿಂದ ಅವರ ಮನಃಸ್ವಾಸ್ಥ್ಯಕ್ಕೆ ವಿಶೇಷ ಪ್ರಯೋಜನವು ಕಂಡುಬರಲಿಲ್ಲ. ಉಪಾಧ್ಯಾಯರಲ್ಲಿ ತರಬೇತಿಯ ಬೆನ್ನಿಗೇ ಬಳಲಿಕೆಯು ಕಡಮೆಯಾಯಿತು. ವರ್ಷ ಕಳೆದ ಮೇಲೆ ಆ ಫಲವು ಉಳಿಯಲಿಲ್ಲ. ಇದರಿಂದ ನಾವು ತಿಳಿಯಬೇಕಾದುದೇನು? ಒಂದು ಸಲ ತುಂಬಿಸಿದ ಕೆರೆಯು ಎಲ್ಲ ಬೇಸಗೆಗೂ ಸಾಲದು. ಅಭ್ಯಾಸವು ನಿಂತರೆ ಫಲವೂ ನಿಲ್ಲುವುದು. ಎರಡು ದಿನದ ಶಿಬಿರ ನಡೆಸಿ ಪ್ರಮಾಣಪತ್ರ ಹಂಚಿದರೆ ಆಗತಕ್ಕ ಕಾರ್ಯವು ಇದಲ್ಲ.

ಅಭ್ಯಾಸವಾದರೋ ಅತಿ ಸರಳ. ಬೆಳಗ್ಗೆ ಹತ್ತು ನಿಮಿಷ ನೆಟ್ಟಗೆ ಕುಳಿತು ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸುವುದು. ಮನಸ್ಸು ಅಲೆದರೆ ಮೆಲ್ಲಗೆ ಕರೆತರುವುದು. ತರಗತಿಯ ಹೊಸ್ತಿಲಲ್ಲಿ ಮೂರು ಉಸಿರಿನ ಕಾಲ ನಿಲ್ಲುವುದು. ಹಾಜರಿ ಕೂಗುವಾಗ ಪುಸ್ತಕವನ್ನೇ ನೋಡದೆ, ಒಂದೊಂದು ಹೆಸರಿಗೂ ಒಂದೊಂದು ಮುಖವನ್ನು ನೋಡುವುದು. 30 ಮಕ್ಕಳ ಹಾಜರಿಗೆ ಇದರಿಂದ ಒಂದು ನಿಮಿಷ ಹೆಚ್ಚು ಹಿಡಿಯಬಹುದು. ನಿದ್ದೆಗೆಟ್ಟ ಕಣ್ಣು, ಅತ್ತ ಗುರುತು, ಜ್ವರದ ಕೆಂಪು, ಇವೆಲ್ಲವೂ ಆ ಒಂದು ನಿಮಿಷದಲ್ಲಿಯೇ ಕಾಣುವುವು. ನಾನು ಆ ಹುಡುಗನ ಮುಖವನ್ನು ಹಾಗೆ ನೋಡಿದ್ದರೆ ಅಳತೆಪಟ್ಟಿಯು ಮೇಜಿನ ಮೇಲೆಯೇ ಇರುತ್ತಿತ್ತು.

ಕೋಪ ಬಂದಾಗ ಅದನ್ನು ನುಂಗುವುದೂ ಬೇಡ, ಉಗುಳುವುದೂ ಬೇಡ. ಎಲ್ಲಿ ಬಂದಿದೆಯೆಂದು ಮೊದಲು ನೋಡಬೇಕು. ದವಡೆ ಬಿಗಿಯುವುದು, ಎದೆ ಬಡಿದುಕೊಳ್ಳುವುದು, ಉಸಿರು ಮೇಲುಮೇಲಕ್ಕೆ ಆಡುವುದು, ದನಿ ಏರುವುದು, ಇವು ಕೈ ಏಳುವುದಕ್ಕೆ ಮೊದಲೇ ಬರುವ ಮುನ್ಸೂಚನೆಗಳು. ಉಸಿರನ್ನು ಒಳಗೆಳೆಯುವಾಗ ಎದೆಬಡಿತವು ತುಸು ಚುರುಕಾಗಿ, ಹೊರಬಿಡುವಾಗ ತುಸು ನಿಧಾನವಾಗುವುದು ದೇಹಧರ್ಮ. ಆದುದರಿಂದ ನೀಳವಾಗಿ ಉಸಿರು ಬಿಟ್ಟರೆ ಶರೀರವು ತಾನಾಗಿಯೇ ಇಳಿಯತೊಡಗುವುದು. ಆ ಅಲ್ಪಾವಕಾಶದಲ್ಲಿ ‘ಏಕಪ್ಪಾ ತಡ?’ ಎಂಬ ಒಂದು ಪ್ರಶ್ನೆಗೆ ಎಡೆಯಾಗುತ್ತದೆ. ಇಷ್ಟೇ ಇದರ ಮಹಿಮೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳದೆ ಬಿಡಲಾರೆ. ಮೊದಲನೆಯದು, ಎತ್ತಿನ ಹೆಗಲು ಹುಣ್ಣಾಗಿರುವಾಗ ಎಣ್ಣೆ ಸವರುವುದು ದಯೆಯೇ ಸರಿ. ಆದರೆ ನೊಗವನ್ನು ಸರಿಪಡಿಸದೆ ದಿನವೂ ಎಣ್ಣೆಯನ್ನೇ ಸವರುತ್ತಿದ್ದರೆ ಅದು ದಯೆಯಲ್ಲ. ಖಾಲಿ ಹುದ್ದೆಗಳನ್ನು ತುಂಬದೆ, ಸಲ್ಲದ ಕೆಲಸಗಳನ್ನು ತಗ್ಗಿಸದೆ, ಉಸಿರು ನೋಡಿಕೊಳ್ಳಿರೆಂದು ಉಪಾಧ್ಯಾಯರಿಗೆ ಉಪದೇಶಿಸುವುದು ನ್ಯಾಯವಲ್ಲ. ಎರಡನೆಯದು, ಇದು ಔಷಧವಲ್ಲ. ವಾರಗಟ್ಟಲೆ ನಿದ್ದೆ ಬಾರದವರು, ಬದುಕೇ ಬೇಡವೆನಿಸಿದವರು ಒಬ್ಬರೇ ಕಣ್ಮುಚ್ಚಿ ಕುಳಿತರೆ ಕ್ಲೇಶವು ಹೆಚ್ಚುವುದೂ ಉಂಟು. ಅಂಥವರು ವೈದ್ಯರನ್ನು ಕಾಣತಕ್ಕದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆಯೇನೂ ಇಲ್ಲ. ಮೂರನೆಯದು, ನಮ್ಮ ಶಾಲೆಗಳಲ್ಲಿ ಎಲ್ಲ ಮತದವರೂ ಇದ್ದಾರೆ. ಉಸಿರಿಗೆ ಜಾತಿಯಿಲ್ಲ. ಆದುದರಿಂದ ಈ ಅಭ್ಯಾಸವನ್ನು ಯಾವ ಚಿಹ್ನೆಯೂ ಇಲ್ಲದೆ, ಯಾರ ಮೇಲೆಯೂ ಒತ್ತಾಯವಿಲ್ಲದೆ ನಡೆಸತಕ್ಕದ್ದು. ಒತ್ತಾಯದ ಧ್ಯಾನವು ಮತ್ತೊಂದು ಸುತ್ತೋಲೆಯಾದೀತು!

ಇನ್ನು ಶ್ರೀಮಠದ ಸನ್ನಿಧಿಯಲ್ಲಿ ನನ್ನ ವಿಜ್ಞಾಪನೆ. 1909ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಡದ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ, ಲೋಕಕ್ಕೆ ಬೋಧಿಸತಕ್ಕವರು ಮೊದಲು ತಾವೇ ಸಂಸ್ಕಾರ ಪಡೆಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ಅಕ್ಷರ ಕಲಿಸುವವರಿಗೂ ಅದೇ ನ್ಯಾಯವು ಸಲ್ಲುವುದಲ್ಲವೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೆ 50 ಗಂಟೆಗಳ ವೃತ್ತಿಶಿಕ್ಷಣವನ್ನು ಪಡೆಯಬೇಕೆಂದು ಹೇಳಿದೆ. ಅದರಲ್ಲಿ ಕೆಲವು ಗಂಟೆಗಳನ್ನಾದರೂ ಉಪಾಧ್ಯಾಯರ ಮನಸ್ಸಿಗೆ ಮೀಸಲಿಡುವುದು ಸಾಧ್ಯ. ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ಮೊದಲ ಕಾಲುಗಂಟೆಯು ಅಂಕಿಅಂಶಕ್ಕೆ ಬದಲಾಗಿ ಮೌನಕ್ಕೂ ಪರಸ್ಪರ ಕಷ್ಟಸುಖಕ್ಕೂ ಸಲ್ಲಲಿ. ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಭಕ್ತರ ಸಮುದಾಯ ಭವನಗಳಿವೆ. ತಿಂಗಳಿಗೆ ಒಂದು ಭಾನುವಾರದ ಮುಂಜಾನೆ ಅವುಗಳ ಒಂದು ಕೊಠಡಿಯು ಸರ್ವ ಮತದ ಉಪಾಧ್ಯಾಯರಿಗೆ ತೆರೆದಿರಲಿ. ಬಲ್ಲವರೊಬ್ಬರು ಅಭ್ಯಾಸ ಮಾಡಿಸಲಿ. ಅನಂತರ ಪ್ರಸಾದ ಸ್ವೀಕರಿಸಿ ಅವರವರ ಮನೆಗೆ ಹೋಗಲಿ. ವರ್ಷವೆಲ್ಲ ತಪ್ಪದೆ ನಡೆದರೆ ಇದಕ್ಕಿಂತ ದೊಡ್ಡ ಶಿಬಿರವು ಬೇಡ.

ಭಕ್ತಮಹನೀಯರೇ, ನಿಮ್ಮಲ್ಲಿಯೂ ಒಂದು ಬೇಡಿಕೆ. ನಿಮ್ಮಲ್ಲಿ ಹಲವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿದ್ದೀರಿ. ಶಾಲೆಗೆ ದ್ವಾರಮಂಟಪ ಕಟ್ಟಿಸಿ ಹೆಸರು ಕೆತ್ತಿಸುವ ಉದಾರಿಗಳೂ ಇದ್ದೀರಿ, ಅದು ಸಂತೋಷವೇ. ಆದರೆ ಪಾಠದ ವೇಳೆಯಲ್ಲಿ ಉಪಾಧ್ಯಾಯರನ್ನು ಹೊರಕ್ಕೆ ಕರೆಯದಿರುವುದೂ ಒಂದು ದಾನ. ಲೆಕ್ಕಪತ್ರ ಬರೆಯಬಲ್ಲ ಊರಿನ ಯುವಕನೊಬ್ಬನು ವಾರಕ್ಕೆ ಎರಡು ಗಂಟೆ ನೆರವಾಗುವುದೂ ಒಂದು ದಾಸೋಹ. ಮಗುವು ಮನೆಯಲ್ಲಿ ಏನು ಕಷ್ಟದಲ್ಲಿದೆಯೆಂದು ಮೊದಲೇ ಬಂದು ಹೇಳುವುದೂ, ‘ಮೇಷ್ಟ್ರೇ, ನೀವು ಹೇಗಿದ್ದೀರಿ?’ ಎಂದು ಕೇಳುವುದೂ ಸೇವೆಯೇ ಆಗಿವೆ. ಕಾಯಕವನ್ನು ಕೊಂಡಾಡುವ ನಾವು ಕಾಯಕ ಮಾಡುವವರ ಕ್ಷೇಮವನ್ನು ಮರೆಯಲಾಗದು.

ಆ ಹುಡುಗನ ವಿಷಯವಾಗಿ ಕಡೆಯ ಮಾತು. ಐದನೆಯ ದಿನ ಅವನು ಮತ್ತೆ ಶಾಲೆಗೆ ಬಂದನು. ಮಕ್ಕಳೆಲ್ಲರ ಎದುರಿಗೆ, ತಪ್ಪು ನನ್ನದೆಂದು ಅವನಿಗೆ ಹೇಳಿದೆನು. ಅವನು ನಾಚಿ ತಲೆತಗ್ಗಿಸಿದನು. ಬರದ ಆ ವರ್ಷ ಮುಗಿಯುವವರೆಗೂ ಮೊದಲ ಒಂದು ಗಂಟೆ ಅವನು ಹಿಂದಿನ ಸಾಲಿನಲ್ಲಿ ಮಲಗಬಹುದೆಂದು ಏರ್ಪಾಡಾಯಿತು. ಎದ್ದ ಮೇಲೆ ಓದಿದ ಪಾಠವು ಅವನಿಗೆ ಚೆನ್ನಾಗಿಯೇ ಹತ್ತಿತು.

ಪೂಜ್ಯ ಸನ್ನಿಧಿಯ ಆಶೀರ್ವಾದದಿಂದ ಈ ನಾಲ್ಕು ಸೀಮೆಯ ಉಪಾಧ್ಯಾಯರಿಗೆ ಮನಸ್ಸಮಾಧಾನವೂ, ಅವರ ಕೈಯಲ್ಲಿ ಬೆಳೆಯುವ ಮಕ್ಕಳಿಗೆ ನಿರ್ಭಯವೂ ಲಭಿಸಲೆಂದು ಪ್ರಾರ್ಥಿಸುತ್ತೇನೆ.